ಸೀಮಂತದ ಬಳೆ ಬಿಗಿಯಾದಾಗ: ಗರ್ಭಿಣಿಯರ ರಕ್ತದೊತ್ತಡದ ಬಗ್ಗೆ ಯಾರಿಗೆ, ಏನು, ಹೇಗೆ ಹೇಳಬೇಕು?

ಪ್ರಶ್ನೆ: ನಾನು ಪಾಂಡವಪುರ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಯಾಗಿದ್ದೇನೆ. ನಮ್ಮ ವ್ಯಾಪ್ತಿಯ 23 ವರ್ಷದ ಚೊಚ್ಚಲ ಬಸುರಿಯೊಬ್ಬಳು ಏಳನೆಯ ತಿಂಗಳಲ್ಲಿ ಸೀಮಂತ ಮುಗಿಸಿಕೊಂಡು ಹುಣಸೂರಿನ ಕಡೆಯ ತವರಿಗೆ ಹೋದಳು. ಹೆರಿಗೆ ಸುಸೂತ್ರವಾಗಿಯೇ ಆಯಿತು. ಆದರೆ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ, ನಾಲ್ಕನೆಯ ದಿನ, ಫಿಟ್ಸ್ ಬಂತಂತೆ. ಮನೆಯವರು ಸನ್ನಿ ಎಂದುಕೊಂಡು ಕೆಲವು ಗಂಟೆ ಕಳೆದರು. ತಾಯಿ ಮಗು ಇಬ್ಬರೂ ಉಳಿದರು ಎನ್ನುವುದೇ ಪುಣ್ಯ. ಆಕೆಯ ತಾಯಿ ಕಾರ್ಡಿನಲ್ಲಿ ನಾನು ಬರೆದ ಬಿ.ಪಿ. ಎಲ್ಲವೂ ಸರಿಯಾಗಿಯೇ ಇದೆ. ತಾಯಂದಿರ ಸಭೆಯಲ್ಲಿ ನನಗೆ ಸಿಗುವುದು ಹದಿನೈದು ನಿಮಿಷ. ಹೆಚ್ಚು ಹೇಳಿದರೆ ಹೆದರುತ್ತಾರೆ, ಕಡಿಮೆ ಹೇಳಿದರೆ ಮರೆಯುತ್ತಾರೆ. ಅವರಿಗೆ ಏನು ಹೇಳಲಿ? ನಾವು ಮತ್ತು ಆಶಾ ಕಾರ್ಯಕರ್ತೆಯರು ಹೊಸದಾಗಿ ಏನು ಕಲಿಯಬೇಕು?

ಉತ್ತರ: ‘ಎಲ್ಲವೂ ಸರಿಯಾಗಿಯೇ ಇದೆ’ ಎಂದು ಬರೆದಿದ್ದೀರಲ್ಲ, ಅಲ್ಲಿಂದಲೇ ಆರಂಭಿಸುತ್ತೇನೆ. ಆ ಕಾರ್ಡನ್ನು ಇನ್ನೊಮ್ಮೆ ತೆಗೆದು, ನಿಮ್ಮ ಕೈಬರಹದ ಕೊನೆಯ ದಿನಾಂಕಕ್ಕೂ ತವರಿನ ಕಡೆಯವರ ಕೈಬರಹದ ಮೊದಲ ದಿನಾಂಕಕ್ಕೂ ನಡುವೆ ಎಷ್ಟು ವಾರಗಳಿವೆ ಎಂದು ಎಣಿಸಿ ನೋಡಿ. ನಾನು ಮೈಸೂರು ಮತ್ತು ಮಂಡ್ಯದ ಹೆರಿಗೆ ವಾರ್ಡುಗಳಲ್ಲಿ ನೋಡಿದ ಇಂಥ ಪ್ರಕರಣಗಳಲ್ಲಿ, ಕಾರ್ಡಿನಲ್ಲಿ ತಪ್ಪು ಅಂಕಿ ಇದ್ದದ್ದಕ್ಕಿಂತ ಅಂಕಿಯೇ ಇಲ್ಲದ ಜಾಗ ಇದ್ದದ್ದು ಹೆಚ್ಚು. ಬಸುರಿಯ ರಕ್ತದೊತ್ತಡ ಏರಿಸಿ, ಮಿತಿಮೀರಿದರೆ ಫಿಟ್ಸ್ ತರುವ ಈ ಪ್ರಿಎಕ್ಲಾಂಪ್ಸಿಯಾ ಕಾಯಿಲೆ ಗರ್ಭದ 20ನೆಯ ವಾರದ ನಂತರ ಯಾವಾಗ ಬೇಕಾದರೂ ಕಾಣಿಸಿಕೊಳ್ಳಬಹುದಾದರೂ ಅದರ ಸುಗ್ಗಿಕಾಲ ಕೊನೆಯ ಮೂರು ತಿಂಗಳು. ನಮ್ಮ ಪದ್ಧತಿಯಲ್ಲಿ ಹೆಣ್ಣುಮಗಳು ಮಡಿಲಕ್ಕಿ ಕಟ್ಟಿಸಿಕೊಂಡು ಊರು ಬದಲಿಸುವುದೂ ಅದೇ ಕಾಲದಲ್ಲಿ. ಇಲ್ಲಿಯ ಆಶಾಗೆ ಆಕೆ ಹೊರಟುಹೋದವಳು, ಅಲ್ಲಿಯ ಆಶಾಗೆ ಇನ್ನೂ ಬಂದು ಸೇರದವಳು. ತವರಿನ ಆರೈಕೆಯನ್ನು ನಾನು ಹಳಿಯುತ್ತಿಲ್ಲ, ಅದಕ್ಕೆ ಸಮನಾದದ್ದು ಯಾವ ಆಸ್ಪತ್ರೆಯಲ್ಲಿಯೂ ಇಲ್ಲ. ಆದರೆ ಮಡಿಲು ತುಂಬಿ ಕಳುಹಿಸುವಾಗ ತಾಯಿ ಕಾರ್ಡು ಬ್ಯಾಗಿನ ತಳ ಸೇರುತ್ತದೆ ಎನ್ನುವುದು ನಿಮಗೂ ಗೊತ್ತು.

ಇನ್ನೊಂದು ಸಾಧ್ಯತೆಯನ್ನೂ ಹೇಳಿಬಿಡಬೇಕು. ಹೆರಿಗೆಯಾಗುವವರೆಗೆ ರಕ್ತದೊತ್ತಡ ನಿಜವಾಗಿಯೂ ಸರಿಯಾಗಿದ್ದು, ಬಾಣಂತನದಲ್ಲಿ ಮೊದಲ ಬಾರಿಗೆ ಏರುವುದುಂಟು. ಹಾಗಾಗಿದ್ದರೆ ತಪ್ಪು ನಿಮ್ಮದಲ್ಲ. ಆ ಸಂಗತಿಗೆ ಮುಂದೆ ಬರುತ್ತೇನೆ.

ಪ್ರಿಎಕ್ಲಾಂಪ್ಸಿಯಾಕ್ಕೆ ನಮ್ಮಲ್ಲಿ ‘ಗರ್ಭನಂಜು’ ಎಂಬ ಮಾತು ಬಳಕೆಯಲ್ಲಿದೆ. ಒಂದು ಕಾಲಕ್ಕೆ ವೈದ್ಯರೂ ಬಸುರಿಯ ರಕ್ತದಲ್ಲಿ ಏನೋ ವಿಷ ಸೇರುತ್ತದೆಂದು ನಂಬಿ ಅದನ್ನು ಟಾಕ್ಸೀಮಿಯಾ ಎಂದೇ ಕರೆಯುತ್ತಿದ್ದರು. ಹುಡುಕಿದವರಿಗೆ ಅಂಥ ವಿಷ ಸಿಗಲಿಲ್ಲ. ಆದರೂ ಹೆಸರು ಉಳಿದುಕೊಂಡು, ‘ನಂಜಿನ ಪದಾರ್ಥ ತಿಂದಳು, ಅದಕ್ಕೇ ಹೀಗಾಯಿತು’ ಎಂದು ಹೆಂಗಸಿನ ನಾಲಿಗೆಯ ಮೇಲೆ ಅಪರಾಧ ಹೊರಿಸುವುದಕ್ಕೆ ದಾರಿಯಾಯಿತು. ಸಭೆಯಲ್ಲಿ ಈ ಹೆಸರು ಬಂದರೆ ಅದನ್ನು ಅಲ್ಲಿಯೇ ತಿದ್ದಿ. ನಡೆಯುವುದು ಇಷ್ಟು: ಗರ್ಭ ನಿಂತ ಮೊದಲ ತಿಂಗಳುಗಳಲ್ಲಿ ಮಾಸಿನ ಬೇರುಗಳು ಗರ್ಭಕೋಶದ ಗೋಡೆಗೆ ಇಳಿದು, ಅಲ್ಲಿಯ ಸುರುಳಿಯಾಕಾರದ ಸಣ್ಣ ರಕ್ತನಾಳಗಳನ್ನು ಅಗಲಿಸಿಕೊಳ್ಳಬೇಕು, ಕಾಲುವೆಯ ಸಣ್ಣ ತೂಬನ್ನು ಒಡೆದು ದೊಡ್ಡದು ಮಾಡಿಕೊಂಡ ಹಾಗೆ. ಕೆಲವರಲ್ಲಿ ಆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಮಗು ಬೆಳೆದಂತೆ ರಕ್ತ ಸಾಲದೆ ಬಾಧೆಗೊಂಡ ಮಾಸು ಕೆಲವು ಪ್ರೋಟೀನುಗಳನ್ನು ತಾಯಿಯ ರಕ್ತಕ್ಕೆ ಬಿಡುತ್ತದೆ. ಅವು ಆಕೆಯ ಮೈಯಲ್ಲಿರುವ ರಕ್ತನಾಳಗಳ ಒಳಪದರವನ್ನೇ ಕೆಡಿಸುತ್ತವೆ. ಹೀಗಾಗಿ ಇದು ಬರಿಯ ಬಿ.ಪಿ. ಕಾಯಿಲೆಯಲ್ಲ, ಮೂತ್ರಪಿಂಡ, ಯಕೃತ್ತು, ಮಿದುಳು, ಕಣ್ಣು ಎಲ್ಲವನ್ನೂ ಮುಟ್ಟುವ ಕಾಯಿಲೆ. ಬಿ.ಪಿ. ಏರುವುದು ನಮ್ಮ ಕೈಗೆ ಸಿಗುವ ಬಾಲ ಮಾತ್ರ.

ಮೇಲಿನ ಅಂಕಿ 140 ಅಥವಾ ಕೆಳಗಿನ ಅಂಕಿ 90, ಎರಡರಲ್ಲಿ ಒಂದು ಮುಟ್ಟಿದರೂ ಸಾಕು ಎನ್ನುವುದು ನಿಮಗೆ ಗೊತ್ತಿರುವುದೇ. ನಾಲ್ಕು ಗಂಟೆ ಬಿಟ್ಟು ಮತ್ತೆ ನೋಡಿದಾಗಲೂ ಹಾಗೆಯೇ ಇದ್ದು, ಮೂತ್ರದಲ್ಲಿ ಪ್ರೋಟೀನ್ ಕಂಡರೆ ರೋಗ ಖಚಿತ. ನಾವು ಓದುವ ಕಾಲದಲ್ಲಿ ಪ್ರೋಟೀನ್ ಇಲ್ಲದಿದ್ದರೆ ಈ ಹೆಸರನ್ನೇ ಇಡುತ್ತಿರಲಿಲ್ಲ. ಸುಮಾರು 2013ರಿಂದೀಚೆಗೆ ಆ ನಿಯಮ ಬದಲಾಗಿದೆ. ಬಿ.ಪಿ. ಹೆಚ್ಚಾಗಿದ್ದು, ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಕೆಳಗಿಳಿದಿದ್ದರೆ, ಯಕೃತ್ತಿನ ಅಥವಾ ಮೂತ್ರಪಿಂಡದ ಪರೀಕ್ಷೆ ಕೆಟ್ಟಿದ್ದರೆ, ಶ್ವಾಸಕೋಶದಲ್ಲಿ ನೀರು ತುಂಬಿದ್ದರೆ ಅಥವಾ ಬಿಡದ ತಲೆನೋವು ಮತ್ತು ದೃಷ್ಟಿದೋಷ ಇದ್ದರೆ, ಮೂತ್ರ ಸ್ವಚ್ಛವಾಗಿದ್ದರೂ ಅದು ಇದೇ ಕಾಯಿಲೆ. ನಿಮ್ಮ ಸಹೋದ್ಯೋಗಿಗಳಿಗೆ ಹೊಸದಾಗಿ ಕಲಿಸಬೇಕಾದ ಮೊದಲ ಸಂಗತಿ ಇದು, ಏಕೆಂದರೆ ‘ಆಲ್ಬುಮಿನ್ ನಿಲ್ ಇದೆ, ಏನೂ ಇಲ್ಲ’ ಎಂದು ವಾಪಸು ಕಳುಹಿಸುವ ಅಭ್ಯಾಸ ಇಂದಿಗೂ ಹೋಗಿಲ್ಲ.

ಎರಡನೆಯದು ಅಳೆಯುವ ಬಗೆ. ಇದನ್ನು ಹೇಳಿದರೆ ಇಪ್ಪತ್ತು ವರ್ಷ ಅನುಭವವಿರುವ ಸಿಸ್ಟರುಗಳಿಗೆ ಬೇಸರವಾಗುತ್ತದೆ. ನನಗೂ ಒಮ್ಮೆ ನನ್ನ ಗುರುಗಳು ಹೇಳಿದಾಗ ಬೇಸರವಾಗಿತ್ತು. ಒಂದೇ ಕೇಂದ್ರದ ನಲವತ್ತು ಕಾರ್ಡುಗಳನ್ನು ಎದುರಿಗಿಟ್ಟುಕೊಂಡು ನೋಡಿ: 110/70, 120/80, ಮತ್ತೆ 110/70. ಮನುಷ್ಯರ ರಕ್ತದೊತ್ತಡ ಹತ್ತರ ಮಗ್ಗಿಯಲ್ಲಿ ಏರಿ ಇಳಿಯುವುದಿಲ್ಲ. ಪ್ರತಿ ತಿಂಗಳ 9ನೆಯ ತಾರೀಖಿನ ತಪಾಸಣೆಯ ದಿನ, ಬಾಗಿಲಿನಾಚೆಗೂ ಸಾಲು ನಿಂತಿರುವಾಗ, ಕೈ ತಾನಾಗಿ ಆ ಅಂಕಿಗಳನ್ನು ಬರೆದುಬಿಡುತ್ತದೆ. ಬಿಸಿಲಲ್ಲಿ ಬಸ್ಸಿಳಿದು ನಡೆದು ಬಂದವಳನ್ನು ಬೆನ್ನು ಆನಿಸಿ, ಕಾಲು ನೆಲಕ್ಕೆ ತಾಗಿಸಿ ಐದು ನಿಮಿಷ ಕೂರಿಸಬೇಕು. ರವಿಕೆಯ ಬಿಗಿ ತೋಳನ್ನು ಮೇಲಕ್ಕೆ ಮಡಚದೆ ತೆಗೆಸಬೇಕು. ತೋಳು ಹೃದಯದ ಮಟ್ಟಕ್ಕೆ ಇರಬೇಕು. ತುಂಬು ತೋಳಿನವಳಿಗೆ ದೊಡ್ಡ ಪಟ್ಟಿ ಕಟ್ಟಬೇಕು. ಅಳೆಯುವಾಗ ಅವಳನ್ನು ಮಾತಾಡಿಸಬಾರದು. ಎಡಮಗ್ಗುಲಿಗೆ ಮಲಗಿಸಿ ಮೇಲಿನ ಕೈಯಲ್ಲಿ ನೋಡಿದರೆ ಅಂಕಿ ಸುಳ್ಳಾಗಿ ಇಳಿಯುತ್ತದೆ, ಅದನ್ನು ಕಂಡು ‘ಈಗ ಕಮ್ಮಿಯಾಯಿತು’ ಎಂದು ಸಮಾಧಾನಪಟ್ಟುಕೊಳ್ಳುವುದು ಆತ್ಮವಂಚನೆ. ಡಿಜಿಟಲ್ ಯಂತ್ರ ಬಳಸುವುದಾದರೆ ಗರ್ಭಿಣಿಯರಲ್ಲಿ ಪರೀಕ್ಷಿಸಿ ಒಪ್ಪಿದ ಯಂತ್ರವೇ ಆಗಬೇಕು, ಏಕೆಂದರೆ ಈ ಕಾಯಿಲೆಯಲ್ಲಿ ಕೆಲವು ಯಂತ್ರಗಳು ಇರುವುದಕ್ಕಿಂತ ಕಡಿಮೆ ತೋರಿಸುತ್ತವೆ. ಮೂತ್ರವೂ ಅಷ್ಟೇ: ಬಿಳುಪು ಹೋಗುತ್ತಿರುವವಳ ಮೂತ್ರ ಅದರೊಂದಿಗೆ ಬೆರೆತರೆ ಮೂತ್ರ ಪರೀಕ್ಷೆಯ ಪಟ್ಟಿ ಸುಳ್ಳು ಹೇಳುತ್ತದೆ, ಆದ್ದರಿಂದ ನಡುಧಾರೆಯ ಮೂತ್ರವನ್ನೇ ಹಿಡಿಯಲು ಹೇಳಿ.

ಇದರ ಜೊತೆಗೆ, ಮೊದಲ ಮೂರು ತಿಂಗಳಲ್ಲಿ ಬರೆದ ಅಂಕಿಯ ಸುತ್ತ ಕೆಂಪು ಶಾಯಿಯಲ್ಲಿ ಒಂದು ಗೆರೆ ಎಳೆಯುವ ರೂಢಿ ಮಾಡಿಕೊಳ್ಳಿ. ಬಸುರಿನ ನಡುವಿನ ತಿಂಗಳುಗಳಲ್ಲಿ ರಕ್ತದೊತ್ತಡ ಸಹಜವಾಗಿಯೇ ಸ್ವಲ್ಪ ಇಳಿಯುತ್ತದೆ. ಮೂರನೆಯ ತಿಂಗಳಲ್ಲಿ 96/60 ಇದ್ದವಳು ಎಂಟನೆಯ ತಿಂಗಳಲ್ಲಿ 132/86 ಆದರೆ, ರೋಗವೆಂದು ಕರೆಯುವ ಗೆರೆಯನ್ನು ಆಕೆ ದಾಟಿಲ್ಲ ನಿಜ. ಆದರೆ ಆಕೆಯನ್ನು ಮುಂದಿನ ತಿಂಗಳಲ್ಲ, ಮುಂದಿನ ವಾರವೇ ಮತ್ತೆ ಕರೆಯಬೇಕು.

ಈಗ ನಿಮ್ಮ ಹದಿನೈದು ನಿಮಿಷ. ರಕ್ತನಾಳ, ಪ್ರೋಟೀನ್, ಪ್ಲೇಟ್‌ಲೆಟ್ ಯಾವುದೂ ಅಲ್ಲಿ ಬೇಡ. ಈ ಕಾಯಿಲೆ ಮೊದಲಿಗೆ ನೋಯುವುದಿಲ್ಲ, ಚೆನ್ನಾಗಿ ಉಂಡು ನಗುತ್ತ ಓಡಾಡುವವಳ ಬಿ.ಪಿ.ಯೂ 150 ಇರಬಹುದು, ಆದ್ದರಿಂದ ‘ನನಗೇನೂ ಆಗಿಲ್ಲ’ ಎಂದು ತಪಾಸಣೆ ತಪ್ಪಿಸಬಾರದು ಎನ್ನುವುದು ಒಂದು ಮಾತು. ನೋಯಲು ತೊಡಗಿದಾಗ ಏನು ಮಾಡಬೇಕು ಎನ್ನುವುದು ಇನ್ನೊಂದು. ಇಲ್ಲಿ ಪುಸ್ತಕದ ಭಾಷೆ ಬಿಟ್ಟು ಅವರ ಮನೆಯ ಭಾಷೆಯಲ್ಲೇ ಕೇಳಿ. ಸೀಮಂತದಲ್ಲಿ ತೊಡಿಸಿದ ಬಳೆ ಒಂದು ವಾರದಲ್ಲಿ ಮಣಿಕಟ್ಟಿಗೆ ಕಚ್ಚಿಕೊಂಡಿದೆಯೆ? ಬೆಳಿಗ್ಗೆ ಎದ್ದಾಗ ಮುಖ, ಕಣ್ರೆಪ್ಪೆ ಊದಿರುತ್ತದೆಯೆ? ಪಾದದ ಊತ ಬಸುರಿಯರಲ್ಲಿ ಬಹುಪಾಲು ಜನರಿಗೆ ಇರುತ್ತದೆ, ಸಂಜೆಗೆ ಏರಿ ರಾತ್ರಿ ಮಲಗಿದರೆ ಇಳಿಯುತ್ತದೆ; ಮುಖಕ್ಕೂ ಕೈಗೂ ಥಟ್ಟನೆ ಬಂದ ಊತ ಬೇರೆ. ಮಾತ್ರೆ ತೆಗೆದುಕೊಂಡರೂ ಹೋಗದ ತಲೆಸಿಡಿತ, ಕಣ್ಣು ಮಂಜಾಗುವುದು ಅಥವಾ ಕಣ್ಣೆದುರು ಮಿಣುಕು ಹಾರಿದಂತಾಗುವುದು, ಎದೆಯ ಕೆಳಗೆ ಬಲಪಕ್ಕೆಯಲ್ಲಿ ಹಿಂಡಿದಂಥ ನೋವು, ಏದುಸಿರು, ಮೂತ್ರ ಕಡಿಮೆಯಾಗುವುದು: ಇವುಗಳಲ್ಲಿ ಒಂದೇ ಇದ್ದರೂ ಬೆಳಗಾಗುವುದನ್ನು ಕಾಯಬಾರದು.

ಬಲಪಕ್ಕೆಯ ನೋವಿನ ಬಗ್ಗೆ ಸ್ವಲ್ಪ ನಿಂತು ಹೇಳಿ, ಏಕೆಂದರೆ ನಮ್ಮ ಜನ ಅದನ್ನು ಒಂದೇ ಮಾತಿನಲ್ಲಿ ‘ಗ್ಯಾಸ್ಟ್ರಿಕ್’ ಎಂದು ಮುಗಿಸುತ್ತಾರೆ. ಜನರನ್ನೇಕೆ ಅನ್ನಲಿ, ನಾನೂ ಮುಗಿಸಿದ್ದೇನೆ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಒಂದು ರಾತ್ರಿ, ಎಂಟು ತಿಂಗಳ ಬಸುರಿಯೊಬ್ಬಳು ಹೊಟ್ಟೆಯ ಮೇಲ್ಭಾಗ ಉರಿಯುತ್ತದೆ ಎಂದು ಬಂದಳು. ಸಂಜೆ ಮದುವೆಯೂಟ ಮಾಡಿದ್ದೆ ಎಂದಳು. ನಾನು ಗುಲಾಬಿ ಬಣ್ಣದ ಸಿರಪ್ ಬರೆದುಕೊಟ್ಟು ಕಳುಹಿಸಿದೆ, ಬಿ.ಪಿ. ಪಟ್ಟಿ ಗೋಡೆಗೇ ತೂಗುಹಾಕಿತ್ತು, ಕೈ ಚಾಚಲಿಲ್ಲ. ನಸುಕಿನಲ್ಲಿ ಫಿಟ್ಸ್ ಬಂದು ಆಕೆಯನ್ನು ಎತ್ತಿಕೊಂಡು ಬಂದರು. ಆಕೆ ಬದುಕಿದಳು, ಮಗು ಉಳಿಯಲಿಲ್ಲ. ಯಕೃತ್ತು ಊದಿ ಅದರ ಮೇಲಿನ ಪೊರೆ ಎಳೆದಾಗ ಹುಟ್ಟುವ ನೋವು ಅದು ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದವನು ನಾನೇ.

ಹೆದರುತ್ತಾರೆ ಎಂಬ ನಿಮ್ಮ ಅಳುಕಿಗೆ ನನ್ನ ಅನುಭವದ ಉತ್ತರ ಇದು: ಕಾಯಿಲೆಯ ಕಥೆ ಹೇಳಿ ನಿಲ್ಲಿಸಿದರೆ ಹೆದರುತ್ತಾರೆ, ಯಾರಿಗೆ ಫೋನು ಮಾಡಬೇಕು, ಯಾವ ಗಾಡಿ, ಎಲ್ಲಿಗೆ ಹೋಗಬೇಕು ಎಂದು ಹೇಳಿ ನಿಲ್ಲಿಸಿದರೆ ಹೆದರುವುದಿಲ್ಲ. 108 ಎನ್ನುವುದು ಎಲ್ಲರಿಗೂ ಗೊತ್ತು. ಆದರೆ ಹತ್ತಿರದ ಪ್ರಾಥಮಿಕ ಕೇಂದ್ರದಲ್ಲಿ ರಾತ್ರಿ ವೈದ್ಯರು ಇರುತ್ತಾರೆಯೆ, ಇಲ್ಲದಿದ್ದರೆ ನೇರವಾಗಿ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕೆ, ಅಲ್ಲಿಂದ ಮಂಡ್ಯದ ಮಿಮ್ಸ್‌ಗೆ ಕಳುಹಿಸುತ್ತಾರೆಯೆ ಅಥವಾ ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ಕಳುಹಿಸುತ್ತಾರೆಯೆ ಎನ್ನುವುದನ್ನು ಊರಿನ ಮಟ್ಟಕ್ಕೆ ಇಳಿಸಿ ಹೇಳಬೇಕು. ಸಭೆಗೆ ಅತ್ತೆಯನ್ನೂ ಗಂಡನನ್ನೂ ಕರೆಯಿರಿ. ರಾತ್ರಿ ಹನ್ನೊಂದಕ್ಕೆ ತಲೆನೋವು ಎಂದವಳು ಆಸ್ಪತ್ರೆಗೆ ಹೊರಡುವುದೋ ಅಮೃತಾಂಜನ ಹಚ್ಚಿ ಮಲಗುವುದೋ ಎನ್ನುವುದನ್ನು ಆಕೆ ಒಬ್ಬಳೇ ತೀರ್ಮಾನಿಸುವುದಿಲ್ಲವಲ್ಲ.

ಆದರೆ ಇಷ್ಟನ್ನೂ ಕಲಿತು ಆಕೆ ರಾತ್ರಿ ಹನ್ನೊಂದಕ್ಕೆ ಬಾಗಿಲು ಬಡಿದಾಗ, ಒಳಗಿರುವವರು ‘ನಾಳೆ ಓ.ಪಿ.ಡಿ.ಗೆ ಬಾ’ ಎಂದರೆ ನಿಮ್ಮ ಸಭೆಗಳೆಲ್ಲ ಅಲ್ಲಿಗೆ ಮುಗಿದವು. ಆಕೆ ಇನ್ನೊಮ್ಮೆ ಬರುವುದಿಲ್ಲ, ಆಕೆಯ ಬೀದಿಯವರೂ ಬರುವುದಿಲ್ಲ. ಆದುದರಿಂದಲೇ ತಾಯಂದಿರಿಗೆ ಹೇಳುವುದನ್ನೂ ಸಿಬ್ಬಂದಿಗೆ ಕಲಿಸುವುದನ್ನೂ ನಾನು ಬೇರೆಬೇರೆ ಕಾರ್ಯಕ್ರಮಗಳೆಂದು ಎಣಿಸುವುದಿಲ್ಲ. ತಾಯಂದಿರ ಸಭೆಯಲ್ಲಿ ಯಾವ ಮಾತು ಹೇಳಿದಿರೋ ಅದೇ ಮಾತನ್ನು ಅದೇ ವಾರ ಕೇಂದ್ರದ ಗ್ರೂಪ್ ಡಿ ನೌಕರರಿಂದ ಹಿಡಿದು ವೈದ್ಯಾಧಿಕಾರಿಯವರೆಗೆ ಎಲ್ಲರಿಗೂ ಹೇಳಿ: ಬಸುರಿ ಅಥವಾ ಬಾಣಂತಿ ತಲೆನೋವು, ಕಣ್ಣು, ಪಕ್ಕೆ ಎಂದರೆ ಮೊದಲು ಬಿ.ಪಿ. ಪಟ್ಟಿ, ಆಮೇಲೆ ಚೀಟಿ.

160/110 ಮುಟ್ಟಿದರೆ ಅದು ತುರ್ತು. ಹದಿನೈದು ನಿಮಿಷದಲ್ಲಿ ಮತ್ತೆ ಅಳೆದು, ಹಾಗೆಯೇ ಇದ್ದರೆ ಒಂದು ಗಂಟೆಯೊಳಗೆ ಒತ್ತಡ ಇಳಿಸುವ ಔಷಧಿ ಆಕೆಗೆ ಸೇರಿರಬೇಕು, ಏಕೆಂದರೆ ಮಿದುಳಿನಲ್ಲಿ ರಕ್ತಸ್ರಾವವಾಗುವುದು ಈ ಹಂತದಲ್ಲಿ. ಲ್ಯಾಬೆಟಲಾಲ್, ನಿಫೆಡಿಪಿನ್ ಇವೆ. ವೈದ್ಯಾಧಿಕಾರಿಯನ್ನು ಫೋನಿನಲ್ಲಾದರೂ ಕೇಳಿ ಕೊಡಿ. ನಿಫೆಡಿಪಿನ್ ಕ್ಯಾಪ್ಸೂಲನ್ನು ಚುಚ್ಚಿ ನಾಲಿಗೆಯ ಕೆಳಗೆ ಹಿಂಡುವ ಹಳೆಯ ಅಭ್ಯಾಸ ಮಾತ್ರ ಬೇಡ, ಒತ್ತಡ ಥಟ್ಟನೆ ಕುಸಿದು ಮಗುವಿಗೆ ರಕ್ತ ತಪ್ಪುತ್ತದೆ.

ಫಿಟ್ಸ್ ತಡೆಯುವ ಮೆಗ್ನೀಸಿಯಂ ಸಲ್ಫೇಟ್ ಬಗ್ಗೆ ಉಪಕೇಂದ್ರಗಳಲ್ಲಿ ಇರುವಷ್ಟು ಭಯ ಬೇರೆ ಯಾವ ಚುಚ್ಚುಮದ್ದಿನ ಬಗ್ಗೆಯೂ ಇಲ್ಲ. 2002ರಲ್ಲಿ ಪ್ರಕಟವಾದ ಮ್ಯಾಗ್‌ಪೈ ಅಧ್ಯಯನದಲ್ಲಿ 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರು ಪಾಲ್ಗೊಂಡಿದ್ದರು. ಈ ಔಷಧಿ ಪಡೆದವರಲ್ಲಿ ಫಿಟ್ಸ್ ಬರುವ ಸಂಭವ ಅರ್ಧಕ್ಕಿಂತ ಕೆಳಗಿಳಿಯಿತು. ತೀವ್ರ ಸ್ಥಿತಿಯಲ್ಲಿ ಅಥವಾ ಫಿಟ್ಸ್ ಬಂದವಳಿಗೆ, ದೊಡ್ಡ ಆಸ್ಪತ್ರೆಗೆ ಕಳುಹಿಸುವ ಮುನ್ನ ಮೊದಲ ಡೋಸನ್ನು, ಅಂದರೆ ಶೇ. 50ರ ದ್ರಾವಣವನ್ನು ಪ್ರತಿ ಪೃಷ್ಠಕ್ಕೆ 5 ಗ್ರಾಂನಂತೆ ಒಟ್ಟು 10 ಗ್ರಾಂ ಆಳವಾಗಿ ಸ್ನಾಯುವಿಗೆ ಚುಚ್ಚಲು, ನಮ್ಮ ದೇಶದ ಮಾರ್ಗಸೂಚಿ ನಿಮ್ಮ ಹುದ್ದೆಯವರಿಗೆ ಅನುಮತಿ ಕೊಟ್ಟಿದೆ. ಉಸಿರು ನಿಲ್ಲುತ್ತದೆ ಎಂಬ ಅಂಜಿಕೆ ಆಧಾರವಿಲ್ಲದ್ದಲ್ಲ, ಆದರೆ ಅದು ಮುಂದಿನ ಡೋಸುಗಳ ಪ್ರಶ್ನೆ. ಅಲ್ಲಿ ಪ್ರತಿ ಬಾರಿಯೂ ಮಂಡಿಯ ಪ್ರತಿವರ್ತನೆ, ಉಸಿರಾಟದ ವೇಗ ಮತ್ತು ಮೂತ್ರದ ಪ್ರಮಾಣ ನೋಡಿಯೇ ಕೊಡುತ್ತಾರೆ, ಕೈಯಳತೆಯಲ್ಲಿ ಅದರ ಪ್ರತಿಮದ್ದಾದ ಕ್ಯಾಲ್ಸಿಯಂ ಗ್ಲುಕೊನೇಟ್ ಇಟ್ಟುಕೊಂಡಿರುತ್ತಾರೆ. ಕೊಟ್ಟ ಹೊತ್ತನ್ನು ರೆಫರಲ್ ಚೀಟಿಯ ಮೇಲೆ ದಪ್ಪಕ್ಷರದಲ್ಲಿ ಬರೆಯಿರಿ. ಬರೆಯದೆ ಕಳುಹಿಸಿದರೆ ಅಲ್ಲಿಯವರು ಮತ್ತೆ ಕೊಟ್ಟಾರು. ಹೆರಿಗೆ ಕೊಠಡಿಯ ಸಿಬ್ಬಂದಿಗೆ ಒಂದು ಮಾತು: ರಕ್ತಸ್ರಾವ ತಡೆಯಲೆಂದು ಮೆಥರ್ಜಿನ್ ಚುಚ್ಚುವ ಕೈ ಬಿ.ಪಿ. ಹೆಚ್ಚಿರುವವಳ ಬಳಿ ತಡೆಯಬೇಕು, ಅದು ಒತ್ತಡವನ್ನು ಇನ್ನಷ್ಟು ಏರಿಸುತ್ತದೆ. ಅಲ್ಲಿ ಆಕ್ಸಿಟೋಸಿನ್ ಸಾಕು.

ಮನೆಯಲ್ಲಿ ಫಿಟ್ಸ್ ಬಂದರೆ ಎಡಮಗ್ಗುಲಿಗೆ ಹೊರಳಿಸಿ, ಸುತ್ತ ಬಡಿಯುವ ವಸ್ತು ಸರಿಸಿ, ಆಂಬುಲೆನ್ಸಿಗೆ ಫೋನು ಮಾಡಬೇಕು. ಕೈಗೆ ಬೀಗದ ಕೈ ಕೊಡುವುದರಿಂದ ಏನೂ ಆಗುವುದಿಲ್ಲ. ಬಾಯಿಗೆ ಚಮಚ ತುರುಕುವುದರಿಂದ, ನೀರು ಹೊಯ್ಯುವುದರಿಂದ ಕೇಡೇ ಆಗುತ್ತದೆ.

ಇನ್ನು ಬಾಣಂತಿಯ ವಿಷಯ. ಮಗು ಮಾಸು ಎರಡೂ ಹೊರಬಂದರೆ ಕಾಯಿಲೆ ಮುಗಿಯಿತು ಎಂದು ನಾವೇ ಜನರಿಗೆ ಕಲಿಸಿದ್ದೇವೆ. ಕಾಯಿಲೆಯ ಮೂಲ ಹೋಗುತ್ತದೆ ನಿಜ, ಆದರೆ ಕೆಟ್ಟ ರಕ್ತನಾಳಗಳು ಅಂದೇ ಸರಿಹೋಗುವುದಿಲ್ಲ. ಹೆರಿಗೆಯ ನಂತರ ರಕ್ತದೊತ್ತಡ ಹೆಚ್ಚು ಏರುವುದು ಮೂರರಿಂದ ಆರನೆಯ ದಿನದ ನಡುವೆ; ಸಹಜ ಹೆರಿಗೆಯಾದವಳನ್ನು ನಾವು ಮನೆಗೆ ಕಳುಹಿಸುವುದು 48 ಗಂಟೆಗೆ. ನಿಮ್ಮ ಹೆಣ್ಣುಮಗಳಿಗೆ ನಾಲ್ಕನೆಯ ದಿನ ಫಿಟ್ಸ್ ಬಂದದ್ದು ಈ ಲೆಕ್ಕದಲ್ಲಿ ಆಕಸ್ಮಿಕವಲ್ಲ. ಕಿವಿಗೆ ಹತ್ತಿಯಿಟ್ಟು, ತಲೆಗೆ ಬಟ್ಟೆ ಕಟ್ಟಿ ಕತ್ತಲೆ ಕೋಣೆಯಲ್ಲಿ ಮಲಗಿದ ಬಾಣಂತಿ ತಲೆನೋವು ಎಂದರೆ ಅದು ‘ಶೀತ’, ಏನೇನೋ ಮಾತಾಡಿದರೆ ಅದು ‘ಸನ್ನಿ’. ಅಜ್ಜಿಯರ ಜೊತೆ ಸನ್ನಿಯೆಂಬ ಮಾತಿಗೆ ಜಗಳವಾಡಬೇಡಿ. ‘ಸನ್ನಿಯಾದರೂ ಆಗಲಿ ಅಜ್ಜಿ, ಮೊದಲು ಬಿ.ಪಿ. ನೋಡಿಸೋಣ’ ಎನ್ನಿ. ಆಶಾ ಕಾರ್ಯಕರ್ತೆಯರು ಮಗುವನ್ನು ನೋಡಲು ಹೇಗೂ 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಹೋಗುತ್ತಾರೆ. ಮಗುವಿನ ತೂಕ ನೋಡಿದ ಮೇಲೆ ತಾಯಿಯ ತೋಳಿಗೂ ಪಟ್ಟಿ ಕಟ್ಟುವ ಏರ್ಪಾಡನ್ನು, ಕನಿಷ್ಠ ಮೊದಲ ಎರಡು ಭೇಟಿಗಳಲ್ಲಿ, ನಿಮ್ಮ ವೈದ್ಯಾಧಿಕಾರಿಗಳೊಂದಿಗೆ ಮಾತಾಡಿ ಮಾಡಿಕೊಳ್ಳಿ.

ತಡೆಗಟ್ಟುವ ವಿಷಯದಲ್ಲಿ ಕೇಳುವವರು ಕೇಳುವುದು ಉಪ್ಪು ಬಿಡಬೇಕೆ ಎಂದು. ಬಿಡಬೇಕಾಗಿಲ್ಲ, ಉಪ್ಪು ಬಿಟ್ಟರೆ ಈ ಕಾಯಿಲೆ ತಪ್ಪುತ್ತದೆ ಎನ್ನುವುದಕ್ಕೆ ಆಧಾರವಿಲ್ಲ, ಉಪ್ಸಾರು ಮುದ್ದೆ ಅವರಿಗೆ ಇರಲಿ. ಮುದ್ದೆಯಂತೂ ಇರಲೇಬೇಕು: ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಕ್ಯಾಲ್ಸಿಯಂ ಕಡಿಮೆ ತಿನ್ನುವವರಿಗೆ ಅದನ್ನು ಕೊಟ್ಟರೆ ಈ ಕಾಯಿಲೆಯ ಸಂಭವ ತಗ್ಗುತ್ತದೆ. ಅದಕ್ಕೇ ಸರ್ಕಾರ 14ನೆಯ ವಾರದಿಂದ ದಿನಕ್ಕೆ ಎರಡು ಮಾತ್ರೆ ಕೊಡುತ್ತದೆ. ಕಬ್ಬಿಣದ ಮಾತ್ರೆಯ ಜೊತೆಗೇ ನುಂಗಿದರೆ ಎರಡೂ ಸರಿಯಾಗಿ ಮೈಗೆ ಹತ್ತುವುದಿಲ್ಲವೆಂದು ಹೇಳಲು ಮರೆಯಬೇಡಿ. ಇನ್ನು ಕಡಿಮೆ ಪ್ರಮಾಣದ ಆಸ್ಪಿರಿನ್: ಹಿಂದೆ ಈ ಕಾಯಿಲೆ ಬಂದವರು, ಮೊದಲೇ ಬಿ.ಪಿ., ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ತೊಂದರೆ ಇರುವವರು, ಅವಳಿ ಮಕ್ಕಳ ತಾಯಂದಿರು ಇವರಿಗೆ 16 ವಾರದೊಳಗೆ ಆರಂಭಿಸಿದರೆ ಪ್ರಯೋಜನವಿದೆ. ಚೊಚ್ಚಲ ಬಸುರಿನ ಜೊತೆಗೆ ಸ್ಥೂಲಕಾಯ, 35 ದಾಟಿದ ವಯಸ್ಸು, ತಾಯಿಗೋ ಅಕ್ಕನಿಗೋ ಬಂದ ಇತಿಹಾಸ ಇಂಥದ್ದು ಸೇರಿದರೂ ವೈದ್ಯರು ಯೋಚಿಸುತ್ತಾರೆ. ಕೊಡುವುದು, ಎಷ್ಟು ಕೊಡುವುದು ವೈದ್ಯರ ತೀರ್ಮಾನ. ಆದರೆ ಆಕೆಯನ್ನು ಹನ್ನೆರಡನೆಯ ವಾರದಲ್ಲೇ ವೈದ್ಯರ ಎದುರು ಕೂರಿಸುವುದು ನಿಮ್ಮಿಂದ ಮಾತ್ರ ಆಗುವ ಕೆಲಸ. ಐದನೆಯ ತಿಂಗಳಲ್ಲಿ ಹೆಸರು ಬರೆಸಲು ಬಂದರೆ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿರುತ್ತದೆ.

ಸೀಮಂತಕ್ಕೆ ನಿಮ್ಮನ್ನು ಹೇಗೂ ಕರೆಯುತ್ತಾರೆ. ಹೋದಾಗ ಆಕೆಯ ಕಾರ್ಡು ಕೇಳಿ ತೆಗೆಸಿ, ಆ ದಿನದ ಬಿ.ಪಿ. ಬರೆದು, ತವರಿನ ಕಡೆಯ ಆಶಾ ಕಾರ್ಯಕರ್ತೆಯ ನಂಬರನ್ನು ಆಕೆಯ ತಾಯಿಯಿಂದಲೇ ಪಡೆದು, ಅಲ್ಲೇ ನಿಂತು ಫೋನು ಮಾಡಿ. ‘ನಮ್ಮ ಹುಡುಗಿ ನಿಮ್ಮೂರಿಗೆ ಬರುತ್ತಿದ್ದಾಳೆ, ಬಂದ ವಾರವೇ ನೋಡಿ’ ಎಂದರೆ ಸಾಕು.

ನಿಮ್ಮ ಆ ಹೆಣ್ಣುಮಗಳು ಈಗ ಎಲ್ಲಿದ್ದಾಳೋ ವಿಚಾರಿಸಿ. ಕೊಟ್ಟ ಬಿ.ಪಿ. ಮಾತ್ರೆಯನ್ನು ತಾನಾಗಿ ನಿಲ್ಲಿಸಿರುವುದೇ ಹೆಚ್ಚು ಸಂಭವ. ಆರನೆಯ ವಾರಕ್ಕೆ ಬಿ.ಪಿ. ಮತ್ತು ಮೂತ್ರ ನೋಡಿಸಿ, ಇಳಿಯದಿದ್ದರೆ ಫಿಸಿಷಿಯನ್ ಬಳಿಗೆ ಕಳುಹಿಸಿ; ಇಳಿದಿದ್ದರೂ ವರ್ಷಕ್ಕೊಮ್ಮೆ ನೋಡಿಸಿಕೊಳ್ಳಲು ಹೇಳಿ, ಏಕೆಂದರೆ ಈ ಕಾಯಿಲೆ ಬಂದುಹೋದವರಿಗೆ ಮುಂದೆ ರಕ್ತದೊತ್ತಡ, ಹೃದ್ರೋಗ, ಪಾರ್ಶ್ವವಾಯು ಬರುವ ಸಂಭವ ಇತರರಿಗಿಂತ ಹೆಚ್ಚು. ಕಾರ್ಡಿನ ಮೊದಲ ಪುಟದಲ್ಲಿ, ಮುಂದಿನ ಬಸುರಿನಲ್ಲಿ ನೋಡುವವರ ಕಣ್ಣಿಗೆ ಬೀಳುವ ಹಾಗೆ, ‘ಹೆರಿಗೆಯ ನಾಲ್ಕನೆಯ ದಿನ ಫಿಟ್ಸ್’ ಎಂದು ಕನ್ನಡದಲ್ಲಿಯೇ ಬರೆದುಕೊಡಿ, ಆ ಕಾರ್ಡನ್ನು ಎಸೆಯಬಾರದೆಂದು ಆಕೆಯ ಅತ್ತೆಗೂ ಹೇಳಿ ಬನ್ನಿ.